ಗುಬ್ಬಿಯ ಛತ್ರಕ್ಕೆ ಬಂದ ಸಮುದ್ರ

ಅಧ್ಯಕ್ಷರಾದ ವೆಂಕಟರಂಗಯ್ಯನವರೇ, ತುಮಕೂರಿನಿಂದ ದಯಮಾಡಿಸಿರುವ ಗಣ್ಯರೇ, ನನ್ನೂರು ಗುಬ್ಬಿಯ ಸಭಿಕರೇ,

ಈ ಹಳೆಯ ಛತ್ರದ ಗೋಡೆಗೆ ಮತ್ತೆ ಗಾರೆ ಮೆತ್ತಿಸಿ, ಕಂಬಗಳಿಗೆ ಎಣ್ಣೆ ಹಚ್ಚಿಸಿ, ನಾನು ಕೂಡಿಹಾಕಿದ ಹಡಗಿನ ಸಾಮಾನುಗಳಿಗೆ ಜಾಗ ಕೊಟ್ಟಿದ್ದೀರಿ. ‘ನೌಕಾ ವಸ್ತುಸಂಗ್ರಹಾಲಯ’ ಎಂದು ಬೋರ್ಡು ಬರೆಸಿದ್ದೀರಿ. ಗುಬ್ಬಿಗೂ ಸಮುದ್ರಕ್ಕೂ ಎಲ್ಲಿಯ ನಂಟು? ಕೆರೆ ಕೋಡಿ ಬಿದ್ದರೆ ಬಾಗಿನ ಕೊಡುವವರು ನಾವು. ಲಾರಿಯಿಂದ ಲಂಗರು ಇಳಿಸುವಾಗ ಎದುರುಮನೆಯ ಸಿದ್ದಗಂಗಯ್ಯ ಕೇಳಿದ: “ಇದ್ರಲ್ಲಿ ಯಾವ್ ಹೊಲ ಉಳ್ತಾರಣ್ಣ?”

ನಾನು ಸರಕು ಹಡಗಿನ ಎಂಜಿನ್ ರೂಮಿನಲ್ಲಿದ್ದವನು. ವರ್ಷಕ್ಕೊಮ್ಮೆ ರಜೆಗೆ ಬಂದರೆ ಬಸ್ ಸ್ಟ್ಯಾಂಡಿನಲ್ಲೇ ಶುರು: “ಗಂಗರಾಜಣ್ಣ, ಯಾವಾಗ್ ಬಂದ್ರಿ? ಯಾವಾಗ್ ಹೊರಡೋದು?” ತೊಂಬತ್ತೆಂಟನೇ ಇಸವಿಯಲ್ಲೇ ಕೆಲಸ ಬಿಟ್ಟು ಬಂದೆ. ಆರು ವರ್ಷವಾಯಿತು. ಇವತ್ತು ಈ ಬಾಗಿಲಲ್ಲೂ ಒಬ್ಬರು ಅದನ್ನೇ ಕೇಳಿದರು.

ಊರಿನವರನ್ನು ದೂರುವುದೇಕೆ? ನಮ್ಮ ಮನೆಯಲ್ಲಿ ದಿನದ ಕಾಫಿಗೆ ಸ್ಟೀಲ್ ಲೋಟ, ನೆಂಟರಿಗೆ ಪಿಂಗಾಣಿ ಕಪ್ಪು. ನನಗೆ ಈಗಲೂ ಕಪ್ಪಿನಲ್ಲೇ ಬರುತ್ತದೆ. ಒಂದು ದಿನ ಕೇಳಿಬಿಟ್ಟೆ. ನನ್ನ ಹೆಂಡತಿ ಮಹಾಲಕ್ಷ್ಮಮ್ಮ, “ಬೇಜಾರ್ ಮಾಡ್ಕೋಬೇಡಿ, ಕೈಗೆ ಅದೇ ಅಭ್ಯಾಸ ಆಗೋಗಿದೆ ಕಣ್ರೀ” ಅಂದಳು. ಕೋಪವಿಲ್ಲದೆ ಅಂದಳು. ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಗಂಡನ ಮೇಲಾದರೆ ಕೋಪ ಬರುತ್ತದೆ, ನೆಂಟರ ಮೇಲೆ ಬರುತ್ತದೆಯೇ?

ಕ್ಷಮಿಸಿ, ಎಲ್ಲೋ ಹೋದೆ. ಒಳಗೆ ದಿಕ್ಸೂಚಿ ಇದೆ, ಚುಕ್ಕಾಣಿ ಇದೆ, ಹಡಗಿನ ಗಂಟೆ ಇದೆ. ಮಕ್ಕಳು ಗಂಟೆ ಬಾರಿಸಿದರೆ ಬೈಯಬೇಡಿ. ನಿಜ ಹೇಳುತ್ತೇನೆ, ಇಷ್ಟು ವರ್ಷ ನಾನು ಎಲ್ಲಿದ್ದೆ ಎಂದು ಅವಳೊಬ್ಬಳಿಗೆ ತೋರಿಸಬೇಕೆಂದು ಇದಕ್ಕೆ ಕೈ ಹಾಕಿದೆ. ಸಮಿತಿಯವರು ಊರಿನ ಹೆಮ್ಮೆ ಅಂದರು, ನಾನೂ ತಲೆಯಾಡಿಸಿದೆ. ಮೊನ್ನೆ ಅವಳನ್ನು ನೋಡಲು ಬಾ ಎಂದು ಕರೆದೆ. “ನಿಮ್ ಸಮುದ್ರನ ನಾನ್ ನೋಡಿಲ್ವಾ? ಮದ್ವೆ ಆದಾಗಿಂದ ಮನೇಲಿ ಕೂತ್ಕೊಂಡು ಅದನ್ನೇ ತಾನೇ ನೋಡಿದ್ದು” ಅಂದಳು.

ಆದರೂ ಇವತ್ತು ಬಂದಿದ್ದಾಳೆ. ಹೆಂಗಸರ ಸಾಲಿನ ಕೊನೆಯಲ್ಲಿ ಕೂತಿದ್ದಾಳೆ. ನೀವು ನನಗೆ ಶಾಲು ಹೊದಿಸಿ, ಮುಖ್ಯ ಅತಿಥಿ ಎಂದು ಈ ದೊಡ್ಡ ಕುರ್ಚಿಯಲ್ಲಿ ಕೂರಿಸಿದ್ದೀರಿ. ಅಧ್ಯಕ್ಷರೇ, ಅತಿಥಿಯಾಗಿ ನನಗೆ ಸಾಕಾಗಿದೆ. ಅಪ್ಪಣೆಯಾದರೆ ಕೆಳಗಿಳಿದು ಅವಳ ಪಕ್ಕ ಕೂರುತ್ತೇನೆ. ಪಕ್ಕದ ಕುರ್ಚಿಯ ಮೇಲೆ ತನ್ನ ಬ್ಯಾಗ್ ಇಟ್ಟು ಯಾರಿಗೋ ಜಾಗ ಹಿಡಿದಿದ್ದಾಳೆ. ಯಾರಿಗೆ ಎಂದು ಗೊತ್ತಿಲ್ಲ. ನನಗಲ್ಲವಾದರೆ ಹಿಂದೆ ಗೋಡೆಗೆ ಒರಗಿ ನಿಂತುಕೊಳ್ಳುತ್ತೇನೆ. ಹೊರಟು ಮಾತ್ರ ಹೋಗುವುದಿಲ್ಲ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ನಾನು ಋಣಿ. ನಮಸ್ಕಾರ.