ಎಣ್ಣೆ ಬಿಟ್ಟ ದಂಪತಿ

ಅಧ್ಯಕ್ಷತೆ ವಹಿಸಿರುವ ವಿರೂಪಾಕ್ಷಮ್ಮನವರೇ, ಮುಖ್ಯ ಅತಿಥಿಗಳೂ ನಮ್ಮ ಮನೆಯ ವೈದ್ಯರೂ ಆದ ಡಾಕ್ಟರ್ ಕಲ್ಲೇಶ ಅವರೇ, ಕುಷ್ಟಗಿಯ ಮಹಿಳಾ ಮಂಡಳಿಯವರೇ, ಮುಂದಿನ ಸಾಲಿನಲ್ಲಿ ಕುಳಿತು ನನ್ನ ಬಾಯನ್ನೇ ನೋಡುತ್ತಿರುವ ನನ್ನ ಧರ್ಮಪತ್ನಿ ಶಿವಲೀಲಾ ಅವರೇ, ಸಭಿಕರೇ,

ಸನ್ಮಾನಕ್ಕೆ ಕೊರಳೊಡ್ಡುವ ಮೊದಲು ಒಂದು ಅಪರಾಧ ಒಪ್ಪಿಕೊಳ್ಳಬೇಕು. ಇವತ್ತು ಬೆಳಿಗ್ಗೆ ನಾನು ಕಳ್ಳತನ ಮಾಡಿದ್ದೇನೆ. ಸ್ವಂತ ಮನೆಯಲ್ಲಿ, ಸ್ವಂತ ಹೆಂಡತಿ ಸ್ನಾನಕ್ಕೆ ಹೋದಾಗ, ಅಡುಗೆಮನೆಯ ಮೊಳೆಗೆ ತೂಗುಹಾಕಿದ್ದ ಈ ಚಮಚವನ್ನು ಜುಬ್ಬಾದ ಜೇಬಿಗಿಳಿಸಿದ್ದೇನೆ. ನೋಡಿ, ಇದೇ. ನಮ್ಮ ಮನೆಯಲ್ಲಿ ಎಣ್ಣೆ ಅಳೆಯುವ ಚಮಚ. ನಿಮಗೆ ತೋರಿಸುವ ಸದುದ್ದೇಶದಿಂದಲೇ ಕದ್ದೆ.

ಬಾಗಿಲಲ್ಲಿ ಬ್ಯಾನರ್ ಕಟ್ಟಿದ್ದೀರಿ: “ಎಣ್ಣೆ ಬಿಟ್ಟ ದಂಪತಿಗೆ ಸನ್ಮಾನ.” ನಿವೃತ್ತ ಕನ್ನಡ ಉಪನ್ಯಾಸಕನಾದ ನನಗೆ ಅದರಲ್ಲಿ ವ್ಯಾಕರಣದೋಷ ಕಾಣಲಿಲ್ಲ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಕರಿಯುವ ಇಲಿಯಾಸ ಅದನ್ನೋದಿ ನನ್ನ ಕೈ ಹಿಡಿದುಕೊಂಡ.

“ಬಿಟ್ಟಿದ್ದು ಭಾಳ ಛಲೋ ಆತ್ರಿ ಸರ್. ಆದ್ರ ಹಿಡದಿದ್ದು ಯಾವಾಗ್ರಿ? ಅಕ್ಕಾರೂ ತಗೋತಿದ್ರೇನು?”

ಶಿವಲೀಲಾ ಅವರೇ, ಕ್ಷಮಿಸಿ. ಸಭಿಕರೇ, ನಾವು ಬಿಟ್ಟದ್ದು ಬಾಟಲಿಯ ಎಣ್ಣೆಯಲ್ಲ, ಬಾಣಲೆಯ ಎಣ್ಣೆ.

ಕಳೆದ ಯುಗಾದಿಯ ಹೊತ್ತಿಗೆ ಈಕೆಗೆ ಮಹಡಿ ಹತ್ತಿದರೆ ಎದೆ ಹಿಡಿದಂತಾಗುತ್ತಿತ್ತು. ಡಾಕ್ಟರು ರಕ್ತ ಪರೀಕ್ಷಿಸಿ, “ಕೊಬ್ಬು ಭಾಳ ಏರೈತ್ರೀ ಅಕ್ಕಾರ. ಹಿಂಗ ಬಿಟ್ರ ಎದಿಗೆ ಕುತ್ತು” ಎಂದರು. ನನಗೆ ಸಿಟ್ಟು ಬಂತು. ನಮ್ಮದೇನು ಪಾಮ್ ಎಣ್ಣೆಯೇ? ರಿಫೈಂಡೇ? ಅಪ್ಪಟ ಗಾಣದ ಕುಸುಬೆ ಎಂದೆ! ಡಾಕ್ಟರು ಬಿಡಲಿಲ್ಲ:

“ಕುಸುಬಿ ಛಲೋನ ಐತ್ರಿ ಸರ್. ಛಲೋದು ಅಂತ ಕುಡೀತೀರೇನು? ಯಾವ ಎಣ್ಣಿ ಅನ್ನೂದು ಆಮ್ಯಾಲೆ. ಎಷ್ಟು ಎಣ್ಣಿ, ಅದನ್ನ ಹೇಳ್ರಿ ಮೊದ್ಲ.”

ಗಾಣದ ಬಗ್ಗೆ ಗಾನ ಮಾಡಿದವನಿಗೆ ತಾಳ ತಪ್ಪಿತು. ಬಜಿ ಕರಿದ ಎಣ್ಣೆ ಮರುದಿನ ಒಗ್ಗರಣೆಗೆ, ಅದರ ಮರುದಿನ ಪಲ್ಯಕ್ಕೆ. ಪುನರ್ಜನ್ಮ ನಂಬದವರು ನಮ್ಮ ಬಾಣಲೆಯನ್ನು ನೋಡಬೇಕಿತ್ತು. ಅದನ್ನೂ ಡಾಕ್ಟರು ಬಿಡಿಸಿದರು: “ಒಮ್ಮೆ ಕರದದ್ದು ಮತ್ತ ಒಲಿ ಏರಬಾರದು.”

ಅಂದಿನಿಂದ ಶಿವಲೀಲಾ ಈ ಚಮಚ ಹಿಡಿದಳು. ಎಣ್ಣೆಗಾಯಿಯಲ್ಲಿ ಎಣ್ಣೆ ಹೋಗಿ ಕಾಯಿ ಉಳಿಯಿತು. ನಾನಾದರೋ ಊರೆಲ್ಲ ಸಾರಿದೆ: ನಾವು ಎಣ್ಣೆ ಬಿಟ್ಟೆವು, ನನ್ನ ಪ್ರೇರಣೆಯಿಂದ ಬಿಟ್ಟೆವು, ನನ್ನನ್ನು ನೋಡಿ ನೀವೂ ಬಿಡಿ! ಅದನ್ನು ಕೇಳಿಯೇ ಅಲ್ಲವೇ ಅಧ್ಯಕ್ಷರು ಈ ಶಾಲು ತರಿಸಿದ್ದು?

ನಿನ್ನೆ ಇಬ್ಬರ ರಕ್ತದ ವರದಿ ಕೇಳಲು ಒಬ್ಬನೇ ಹೋಗಿದ್ದೆ. ಈಕೆಗೆ ಅರ್ಧ ಮಾತ್ರ ಹೇಳಿದ್ದೇನೆ. ಪೂರ್ತಿ ಹೀಗಿದೆ:

“ಅಕ್ಕಾರ್ದು ಇಳದೈತ್ರಿ, ಗಂಡಾಂತರ ತಪ್ಪೇತಿ. ಆದ್ರ ಸರ್, ನಿಮ್ದು ಏರೈತಿ! ಒಂದ ಮನಿ, ಒಂದ ಒಲಿ, ಒಂದ ಚಮಚ. ಹೆಂಗ್ರಿ ಇದು?”

ಡಾಕ್ಟರೇ, ವೇದಿಕೆಯ ಮೇಲೆ ನಗಬಾರದು. ಗಂಡಾಂತರ ಈಗ ಗಂಡನ ಪಾಲಿಗೆ ಬಂದಿದೆ.

ಕನ್ನಡದಲ್ಲಿ ‘ಬಿಡು’ ಎಂಬುದಕ್ಕೆ ತ್ಯಜಿಸು ಎಂಬ ಅರ್ಥವಿದೆ. ಸುರಿ ಎಂಬ ಅರ್ಥವೂ ಇದೆ. ಶಿವಲೀಲಾ ಮೊದಲನೆಯ ಅರ್ಥದಲ್ಲಿ ಎಣ್ಣೆ ಬಿಟ್ಟಳು. ಈಗ ಎದೆ ಹಿಡಿಯದೆ ಸರಸರ ಮಹಡಿ ಹತ್ತುತ್ತಾಳೆ. ಆಕೆ ಬಟ್ಟೆ ಒಣಹಾಕಲು ಹತ್ತಿದಾಗಲೆಲ್ಲ ಕೆಳಗೆ ನಾನು ರೊಟ್ಟಿಯ ಮೇಲೆ, ಗುರೆಳ್ಳು ಚಟ್ನಿಯ ಮೇಲೆ, ಎರಡನೆಯ ಅರ್ಥದಲ್ಲಿ ಬಿಟ್ಟೆ. ಹಸಿ ಎಣ್ಣೆ. ಡಬ್ಬಿಯಿಂದ ನೇರ.

ಆದ್ದರಿಂದ ಶಾಲನ್ನು ಆಕೆಗೇ ಹೊದಿಸಿ. ಚಮಚ ಕದ್ದದ್ದು ನಿಮಗೆ ತೋರಿಸಲು ಎಂದೆನಲ್ಲ, ಅದೂ ಸುಳ್ಳು. ಬೆಳಿಗ್ಗೆ ರೊಟ್ಟಿಗೆ ಎಣ್ಣೆ ಬಿಡುವಾಗ ಸಿಕ್ಕಿಬಿದ್ದರೆ “ಚಮಚ ಸಿಗಲಿಲ್ಲ, ಅದಕ್ಕ ಡಬ್ಬಿ ಬಗ್ಗಿಸಿದೆ” ಎನ್ನಲು ಕದ್ದದ್ದು.

ಇಷ್ಟು ಹೊತ್ತು ನೀವು ಕೇಳಿದಿರಿ, ಉಪಕಾರವಾಯಿತು. ಇನ್ನು ಮನೆಗೆ ಹೋದ ಮೇಲೆ ಕೇಳುವ ಸರದಿ ನನ್ನದು. ನಮಸ್ಕಾರ.