ನನ್ನ ಮೇಲೆ ಯಾರ ಪ್ರಭಾವ?

ಈ ಸಭೆಯ ಅಧ್ಯಕ್ಷತೆ ವಹಿಸಿ, ನಾನು ಎದ್ದು ನಿಲ್ಲುವ ಮೊದಲೇ ಎರಡು ಸಲ ಗಡಿಯಾರ ನೋಡಿಕೊಂಡ ಮಾನ್ಯ ಅಧ್ಯಕ್ಷರೇ, ನನ್ನನ್ನು ಹೊಗಳುವ ಕಷ್ಟದ ಕೆಲಸವನ್ನು ನಗುನಗುತ್ತಲೇ ಮುಗಿಸಿದ ಮುಖ್ಯ ಅತಿಥಿಗಳೇ, ಚಿತ್ರಕಲಾ ಶಾಲೆಯ ಅಧ್ಯಾಪಕರೇ, ಉಗುರಿನ ಸಂದಿಯಲ್ಲಿ ಬಣ್ಣ ಇಟ್ಟುಕೊಂಡೇ ಬಂದು ಕೂತಿರುವ ವಿದ್ಯಾರ್ಥಿಗಳೇ, ಮತ್ತು ಬಾಗಿಲ ಹತ್ತಿರವೇ ಜಾಗ ಹಿಡಿದಿರುವ ದೂರದೃಷ್ಟಿಯ ಸಭಿಕರೇ,

ಸನ್ಮಾನ ಮಾಡಿಸಿಕೊಂಡವನು ಮಾತಾಡಬೇಕು ಎಂಬುದೊಂದು ಪದ್ಧತಿ. ಹೊಗಳಿಸಿಕೊಂಡದ್ದಕ್ಕೆ ಅವನಿಗೆ ಶಿಕ್ಷೆ. ಹೊಗಳಿದ್ದಕ್ಕೆ ನಿಮಗೆ ಶಿಕ್ಷೆ. ಮುಖ್ಯ ಅತಿಥಿಗಳು ‘ಇವರ ಮೈಯೆಲ್ಲ ಕಲೆ’ ಎಂದರು. ನನ್ನ ಹೆಂಡತಿ ಮೂವತ್ತು ವರ್ಷದಿಂದ ಇದೇ ಮಾತನ್ನು ಹೇಳುತ್ತ ಬಂದಿದ್ದಾಳೆ. ಇವರು ಹೂಗುಚ್ಛ ಹಿಡಿದು ಹೇಳಿದರು, ಅವಳು ಸೋಪು ಹಿಡಿದು ಹೇಳುತ್ತಾಳೆ, ಅಷ್ಟೇ ವ್ಯತ್ಯಾಸ.

ನನಗೆ ಕೊಟ್ಟಿರುವ ವಿಷಯ: ‘ನನ್ನ ಮೆಚ್ಚಿನ ಸಂಗೀತ ಮತ್ತು ನನ್ನ ಶೈಲಿಯ ಮೇಲಿನ ಪ್ರಭಾವಗಳು’. ನಿಮ್ಮ ಕೈಯಲ್ಲಿರುವ ಆಮಂತ್ರಣ ಪತ್ರಿಕೆಯಲ್ಲಿ ನನ್ನ ಪರಿಚಯವಿದೆ. ‘ಏಕಾಂತದಲ್ಲಿ ಪಿಯಾನೊ ಆಲಿಸುತ್ತ ಚಿತ್ರ ಬರೆಯುತ್ತಾರೆ’ ಎಂದಿದೆ. ಇದನ್ನು ಒಂದು ಪತ್ರಿಕೆಯಲ್ಲಿ ಬಂದ ನನ್ನ ಸಂದರ್ಶನದಿಂದಲೇ ಎತ್ತಿಕೊಂಡಿದ್ದಾರೆ, ಅವರ ತಪ್ಪಿಲ್ಲ. ಪಿಯಾನೊ ನನಗೆ ಗೊತ್ತು. ದೊಡ್ಡದು, ಕರಿಯದು, ಮಹಡಿಗೆ ಹತ್ತಿಸುವುದು ಬಹಳ ಕಷ್ಟ. ಅದಕ್ಕಿಂತ ಹೆಚ್ಚಿನ ಪರಿಚಯ ನಮಗೆ ಪರಸ್ಪರ ಇಲ್ಲ.

ಮೊದಲು ಶೈಲಿಗೆ ಬರೋಣ, ಅಂದರೆ ಈ ಕೋಟಿಗೆ. ಕತ್ತುಪಟ್ಟಿ ಇಲ್ಲದ, ಮೊಣಕಾಲಿಗೆ ಇಳಿಬಿದ್ದ, ಹಿತ್ತಾಳೆ ಗುಂಡಿಯ, ಎಡ ಭುಜ ಮಾತ್ರ ಉಬ್ಬಿದ ಕೋಟು. ಇದಿಲ್ಲದೆ ನನ್ನನ್ನು ಯಾರೂ ಗುರುತು ಹಿಡಿಯುವುದಿಲ್ಲ. ಬ್ಯಾಂಕಿನಲ್ಲಂತೂ ನನ್ನ ಸಹಿಗಿಂತ ಕೋಟನ್ನೇ ಹೆಚ್ಚು ನಂಬುತ್ತಾರೆ. ಈ ಭುಜದ ಬಗ್ಗೆ ವಿಮರ್ಶಕರೊಬ್ಬರು ‘ಅಸಮತೋಲನದ ಸೌಂದರ್ಯ’ ಎಂದು ಬರೆದರು. ಇಲ್ಲೇ ಎರಡನೇ ಸಾಲಿನಲ್ಲಿ ಮೂವರು ವಿದ್ಯಾರ್ಥಿಗಳು ಎಡ ಭುಜಕ್ಕೆ ಹತ್ತಿ ತುಂಬಿಸಿಕೊಂಡು ಬಂದಿದ್ದಾರೆ. ಮಕ್ಕಳೇ, ಕ್ಷಮಿಸಿ.

ನಮ್ಮ ಭಾಷೆಯಲ್ಲಿ ಪ್ರಭಾವವನ್ನು ‘ಬೀರುತ್ತಾರೆ’. ನನ್ನ ಉಡುಪಿನ ಮೇಲೆ ಪ್ರಭಾವ ಬೀರಿದ್ದು ಯಾರು? ಒಂದು ಬೀರು. ಅಕ್ಕನ ಮನೆಯ ಕಬ್ಬಿಣದ ಬೀರು, ಬಾಗಿಲು ಮುಚ್ಚಬೇಕಾದರೆ ಮೊಣಕಾಲಿನಿಂದ ಗುದ್ದಬೇಕಾಗಿದ್ದ ಬೀರು. ನಾನು ಬೆಳೆದದ್ದು ಅಕ್ಕನ ಮನೆಯಲ್ಲಿ. ಭಾವ, ಅಂದರೆ ಅಕ್ಕನ ಗಂಡ, ಬ್ಯಾಂಡಿನಲ್ಲಿ ಕಹಳೆ ಊದುತ್ತಿದ್ದರು. ಕಹಳೆ ಎಂದರೆ ಕೈಯಲ್ಲಿ ಹಿಡಿಯುವ ಬಡಪಾಯಿ ಕಹಳೆಯಲ್ಲ. ಹೆಬ್ಬಾವಿನ ಹಾಗೆ ಮೈಗೆ ಸುತ್ತಿಕೊಂಡು, ಎಡ ಭುಜದ ಮೇಲೆ ಭಾರ ಬಿಟ್ಟು, ತಲೆಯ ಮೇಲೆ ಬಾಯಿ ತೆರೆದು ನಿಲ್ಲುವ ಹಿತ್ತಾಳೆಯ ಕಹಳೆ. ಭಾರ ತಡೆಯಲೆಂದು ಬ್ಯಾಂಡಿನ ದರ್ಜಿ ಎಡ ಭುಜಕ್ಕೆ ದಿಂಬಿನಂಥದ್ದೊಂದನ್ನು ಹೊಲಿದು ಕೊಡುತ್ತಿದ್ದ. ಕೋಟು ಹಳೆಯದಾದರೆ ಅಕ್ಕ ಅದರ ಜರಿ ಬಿಚ್ಚಿ ನನಗೆ ತೊಡಿಸುತ್ತಿದ್ದಳು. ‘ಅಕ್ಕಾ, ದೊಡ್ಡದಾಗುತ್ತೆ’ ಎಂದರೆ, ‘ಕೋಟು ಚಿಕ್ಕದಾಗಲ್ಲ ಕಣೋ, ನೀನೇ ದೊಡ್ಡವನಾಗು’ ಎನ್ನುತ್ತಿದ್ದಳು. ಆಗಿದ್ದೇನೆಯೇ? ಕೋಟಿಗೆ ಸಾಕಾಗುವಷ್ಟು ಆಗಿದ್ದೇನೆ.

ಇನ್ನು ಸಂಗೀತ. ಭಾವ ಮನೆಯಲ್ಲೇ ಅಭ್ಯಾಸ ಮಾಡುತ್ತಿದ್ದರು. ಬ್ಯಾಂಡಿನಲ್ಲಿ ರಾಗ ನುಡಿಸುವವರು ಬೇರೆ. ಭಾವನ ಪಾಲಿಗೆ ಬರುತ್ತಿದ್ದದ್ದು ತಳದ ಸ್ವರ ಮಾತ್ರ. ‘ಪೋಂ’ ಎಂದು ಒಂದು ಸಲ ಊದುವುದು. ಆಮೇಲೆ ತುಟಿ ತೆಗೆದು, ಕಾಲಲ್ಲಿ ತಾಳ ಹಾಕುತ್ತ, ‘ಎರಡು, ಮೂರು, ನಾಲ್ಕು’ ಎಂದು ಎಣಿಸುತ್ತ ಕಾಯುವುದು. ಮತ್ತೆ ‘ಪೋಂ ಪೋಂ’. ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದದ್ದೇ ‘ಪೋಂ ಭಾವ’ ಎಂದು. ಇಡೀ ಬೀದಿಗೆ ಭಾವ! ನಾನು ಮಾತ್ರ ಅಧಿಕೃತ ಭಾವಮೈದುನ.

ಹಾಗಾಗಿ ನನಗೆ ಗೊತ್ತಿದ್ದ ಹಾಡುಗಳಿಗೆಲ್ಲ ತಳ ಇತ್ತು, ತಲೆ ಇರಲಿಲ್ಲ. ಒಂಬತ್ತನೇ ವಯಸ್ಸಿನಲ್ಲಿ, ಶಾಲೆಯ ಕ್ರೀಡಾಕೂಟದಲ್ಲಿ, ಮೊದಲ ಸಲ ಪೂರ್ತಿ ಬ್ಯಾಂಡ್ ಕೇಳಿದೆ. ಭಾವ ‘ಪೋಂ’ ಎಂದು ಊದಿ ಎಣಿಸುವ ಹೊತ್ತಿನಲ್ಲಿ ಉಳಿದವರೆಲ್ಲ ಪೀಪೀ ಎಂದು ನುಗ್ಗುತ್ತಿದ್ದರು. ನಾನು ಅಳುತ್ತ, ‘ಅಕ್ಕಾ, ಇವರೆಲ್ಲ ಯಾಕೆ ಭಾವನ ಹಾಡು ಕೆಡಿಸ್ತಿದಾರೆ?’ ಎಂದು ಕೇಳಿದೆ. ಅಕ್ಕ ನಕ್ಕಳು. ಭಾವ ನಗಲಿಲ್ಲ. ಮಾರನೆಯ ದಿನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ನೋಡೋ, ನಾನು ಸುಮ್ನಿರ್ತೀನಲ್ಲ, ಆಗ್ಲೂ ನುಡಿಸ್ತಾನೇ ಇರ್ತೀನಿ. ಜಾಗ ಬಿಡೋದೂ ಒಂದು ಕೆಲಸ ಕಣೋ’ ಎಂದರು.

ನನ್ನ ಚಿತ್ರಗಳನ್ನು ನೋಡಿದವರಿಗೆ ಇಷ್ಟು ಸಾಕು. ಕೆಳಗೊಂದು ದಪ್ಪ ಗೆರೆ. ಆಮೇಲೆ ಅಂಗಳದಷ್ಟು ಬಿಳಿ. ಆಮೇಲೆ ಎರಡು ಗೆರೆ. ‘ಶೂನ್ಯದೊಡನೆ ಸಂವಾದ’ ಎಂದು ಪುಸ್ತಕಗಳಲ್ಲಿ ಬರೆದಿದ್ದಾರೆ. ಬಣ್ಣ ಉಳಿಸುತ್ತಾರೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ನಿಜವೇನು? ಆ ಬಿಳಿಯ ಮುಂದೆ ನಿಂತು ನಾನು ಕಾಲಲ್ಲಿ ತಾಳ ಹಾಕಿಕೊಂಡು ಎರಡು, ಮೂರು, ನಾಲ್ಕು ಎಂದು ಎಣಿಸುತ್ತೇನೆ. ಇದೇ ನನ್ನ ಮೆಚ್ಚಿನ ಸಂಗೀತ. ಇದೇ ನನ್ನ ಶೈಲಿ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಯಾಕೆ ಹೇಳಲಿಲ್ಲ? ಅಧ್ಯಕ್ಷರೇ, ಇಲ್ಲಿಂದ ಮುಂದಿನದು ನಾನು ಬರೆದುಕೊಂಡು ಬಂದ ಕಾಗದದಲ್ಲಿಲ್ಲ. ಐದು ನಿಮಿಷ ಹೆಚ್ಚು ಕೊಡಿ.

ಬ್ಯಾಂಡು ಬಿಟ್ಟ ಮೇಲೆ ಭಾವ ಪ್ರತಿ ಗುರುವಾರ ನಾನು ಚಿತ್ರ ಬರೆಯುವ ಕೋಣೆಗೆ ಬರುತ್ತಿದ್ದರು. ಕ್ಯಾನ್ವಾಸನ್ನು ಮರದ ಚೌಕಟ್ಟಿಗೆ ಎಳೆದು ಮೊಳೆ ಹೊಡೆಯುವುದು ಅವರ ಕೆಲಸ. ನಾನು ಹೇಳಿದ್ದಲ್ಲ, ಅವರೇ ಹಿಡಿದದ್ದು. ನಲವತ್ತು ವರ್ಷ ನಗಾರಿಯ ಪಕ್ಕದಲ್ಲಿ ನಿಂತು ಕಿವಿ ಮಂದವಾಗಿತ್ತು. ಎರಡು ವರ್ಷದ ಹಿಂದೆ ಒಂದು ಗುರುವಾರ ಸಂದರ್ಶನಕ್ಕೆಂದು ಪತ್ರಿಕೆಯ ಹುಡುಗಿ ಬಂದಳು. ಭಾವ ಮೂಲೆಯಲ್ಲಿ ಬಾಯಲ್ಲಿ ಮೊಳೆ ಕಚ್ಚಿಕೊಂಡು ಕೂತಿದ್ದರು. ಅವಳು ಗಂಭೀರವಾಗಿ ಕೇಳಿದಳು: ‘ಸರ್, ನಿಮ್ಮ ಮೇಲೆ ಯಾರ ಪ್ರಭಾವ?’

ಭಾವನಿಗೆ ಕೇಳಿಸಿದ್ದು ಬಾಲ ಮಾತ್ರ: ‘...ಯಾರು ಭಾವ?’

ಬಾಯಿಂದ ಮೊಳೆ ತೆಗೆದರು. ಕೈ ಅಂಗಿಗೆ ಒರೆಸಿಕೊಂಡರು. ತರಗತಿಯಲ್ಲಿ ಉತ್ತರ ಗೊತ್ತಿರುವ ಹುಡುಗನ ಹಾಗೆ ಕೈ ಎತ್ತಿ, ‘ನಾನೇ ಕಣಮ್ಮಾ!’ ಎಂದರು.

ಆ ಹುಡುಗಿ ನಕ್ಕಳು. ನಾನು ಅವಳಿಗಿಂತ ಜೋರಾಗಿ ನಕ್ಕೆ. ‘ನಮ್ಮ ಮನೆಯವರು, ಕಿವಿ ಸ್ವಲ್ಪ ದೂರ’ ಎಂದೆ. ಆಮೇಲೆ ನಾಲ್ಕು ಹೊರದೇಶದ ಚಿತ್ರಕಾರರ ಹೆಸರು ಹೇಳಿದೆ. ಒಬ್ಬರ ಹೆಸರನ್ನು ಉಚ್ಚರಿಸಲು ಎರಡು ಸಲ ಪ್ರಯತ್ನಿಸಬೇಕಾಯಿತು. ಸಂಗೀತ? ಪಿಯಾನೊ ಎಂದೆ. ಏಕಾಂತ ಎಂಬುದನ್ನೂ ನಾನೇ ಸೇರಿಸಿದೆ, ಮೂರು ಜನ ಕೂತಿದ್ದ ಕೋಣೆಯಲ್ಲಿ! ಸಭಿಕರೇ, ಕಿವುಡರು ಸರಿಯಾದ ಉತ್ತರ ಕೊಟ್ಟರು. ಕಿವಿ ನೆಟ್ಟಗಿದ್ದವನು ಸುಳ್ಳು ಹೇಳಿದ.

ಅಷ್ಟಕ್ಕೇ ಮುಗಿದಿದ್ದರೆ ಅದು ನಮ್ಮ ಮನೆಯ ತಮಾಷೆಯಾಗಿ ಉಳಿಯುತ್ತಿತ್ತು. ಅವಳು ಫೋಟೋ ತೆಗೆಯಲು ನಿಂತಾಗ ಭಾವ ಚೌಕಟ್ಟು ಹಿಡಿದುಕೊಂಡು ನನ್ನ ಪಕ್ಕ ಬಂದು ನಿಂತರು. ನಾನು ಕೂಗಿ ಹೇಳಿದೆ: ‘ಭಾವಾ, ಸ್ವಲ್ಪ ಸರೀರಿ, ಅಡ್ಡ ಬರ್ತಿದೀರಿ.’

ಆವತ್ತು ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ನಾನು ಆಡಿದ್ದು ಆ ಒಂದು ಮಾತು.

ಮುಂದಿನ ಗುರುವಾರ ಅವರು ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಮುಖ ಊದಿಸಿಕೊಂಡಿದ್ದಾರೆ ಎನ್ನೋಣವೆಂದರೆ, ವೃತ್ತಿಯಿಂದಲೇ ಊದಿದ ಮುಖ, ಏನೆಂದು ಓದುವುದು? ಫೋನು ಮಾಡಿದರೆ ಅವರಿಗೆ ಕೇಳಿಸುವುದಿಲ್ಲ. ಅದು ನನಗೆ ಎಂಥ ಅನುಕೂಲವಾಯಿತು ಎಂದು ಹೇಳಲು ನಾಚಿಕೆ. ಎರಡು ವರ್ಷ ಅಕ್ಕನ ಹತ್ತಿರವೇ ಮಾತಾಡಿದೆ. ‘ಕೋಪವೇನಕ್ಕಾ?’ ಎಂದರೆ ಅವಳು, ‘ಕೋಪ ಇದ್ದಿದ್ರೆ ಬೈದು ಮುಗಿಸ್ತಿದ್ರಲ್ಲೋ. ಹೋಗಿ ಬನ್ನಿ ಅಂದ್ರೆ, ಬೇಡ, ಅವನಿಗೆ ಅಡ್ಡ ಆಗ್ತೀನಿ ಅಂತಾರೆ, ಅಷ್ಟೇ’ ಎಂದಳು. ನಾನೇ ಅವರ ಮನೆಗೆ ಹೋಗಬಹುದಿತ್ತಲ್ಲ? ಹೋಗಬಹುದಿತ್ತು. ನಡೆದರೆ ಹನ್ನೆರಡು ನಿಮಿಷ. ಈ ಎರಡು ವರ್ಷದಲ್ಲಿ ನಾನು ಮೂರು ದೇಶಗಳಿಗೆ ಹೋಗಿ ಬಂದೆ.

ಇವತ್ತು ಅಕ್ಕ ಅವರನ್ನು ಹೇಗೋ ಹೊರಡಿಸಿಕೊಂಡು ಬಂದಿದ್ದಾಳೆ. ನಾಲ್ಕನೇ ಸಾಲು, ನಡುದಾರಿಯ ಪಕ್ಕದ ಕುರ್ಚಿ. ನೀವೆಲ್ಲ ನಕ್ಕಾಗ ಅಕ್ಕಪಕ್ಕ ನೋಡಿ ಒಂದು ಕ್ಷಣ ತಡವಾಗಿ ನಗುತ್ತಿದ್ದಾರೆ, ನೋಡಿ, ಅವರೇ. ನಾನು ಇಷ್ಟು ಹೊತ್ತು ಹೇಳಿದ್ದರಲ್ಲಿ ಒಂದಕ್ಷರವೂ ಅವರಿಗೆ ಕೇಳಿಸಿಲ್ಲ. ಮುನ್ನೂರು ಜನರ ಮುಂದೆ, ಮೈಕಿನಲ್ಲಿ, ಕೇಳಿಸದವರ ಬಳಿ ತಪ್ಪೊಪ್ಪಿಕೊಳ್ಳುವುದು ನನ್ನಂಥ ಧೈರ್ಯಶಾಲಿಗಳ ದಾರಿ. ಮನೆಗೆ ಹೋದ ಮೇಲೆ ಅಕ್ಕ ಹೇಳುತ್ತಾಳೆ ಬಿಡು ಎಂದುಕೊಂಡೇ ಶುರುಮಾಡಿದೆ, ಸುಳ್ಳೇಕೆ?

ಆದರೆ ಅಕ್ಕ ಈಗ ಅಲ್ಲಿಂದ ನನ್ನನ್ನು ಹೇಗೆ ನೋಡುತ್ತಿದ್ದಾಳೆ ಎಂದರೆ, ಆ ನೋಟದ ಮುಂದೆ ಭಾಷಣ ಮುಂದುವರಿಸಲು ನನಗೆ ಆಗುತ್ತಿಲ್ಲ. ನಾನು ಕೆಳಗಿಳಿದು ಅವರ ಹತ್ತಿರ ಹೋಗುತ್ತೇನೆ. ಕಿವಿಯ ಹತ್ತಿರ ಬಗ್ಗಿ ಕೂಗಿಯೇ ಹೇಳಬೇಕಾಗುತ್ತದೆ. ನಿಮಗೂ ಕೇಳಿಸುತ್ತದೆ, ಕೇಳಿಸಲಿ. ಬಲಗಿವಿ ಅಲ್ಲವೇನೇ ಅಕ್ಕಾ, ಕೇಳಿಸೋದು?

ಅಲ್ಲ ಎನ್ನುತ್ತಿದ್ದಾಳೆ. ಎಡಗಿವಿಯಂತೆ. ಎರಡು ವರ್ಷದಲ್ಲಿ ಅದನ್ನೂ ಮರೆತಿದ್ದೇನೆ.

ಸಂಘಟಕರಿಗೆ, ಅಧ್ಯಕ್ಷರಿಗೆ, ಇಷ್ಟು ಹೊತ್ತು ಎದ್ದು ಹೋಗದ ನಿಮಗೆಲ್ಲರಿಗೂ ಕೃತಜ್ಞತೆಗಳು. ಒಂದೇ ಒಂದು ಪ್ರಾರ್ಥನೆ: ನಾನು ಮೆಟ್ಟಿಲಿಳಿಯುವಾಗ ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ. ಆ ಸದ್ದಿನಲ್ಲಿ ನನ್ನ ಮಾತು ಅವರಿಗೆ ಕೇಳಿಸದೆ ಹೋದೀತು.

ನಮಸ್ಕಾರ.