ನಾಲ್ಕನೇ ನಂಬರಿನ ಮೈಕು

ಹೊಂಗನೂರು ಮುಗಿದು ಹಿಪ್ಪುನೇರಳೆ ತೋಟ ಶುರುವಾಗುವ ಕಡೆ ಒಂದು ಹಳೇ ಬಂಗಲೆ ಇದೆ. ಅದರ ಗೇಟು ದಾಟಿದರೆ ಮೊದಲು ಬಾವಿ, ಆಮೇಲೆ ಆಲದ ಮರ, ಆಮೇಲೆ ಊರಿನ ಮೊದಲ ದೀಪ. ಆ ರಾತ್ರಿ ಹತ್ತೂವರೆ ಆಗಿತ್ತು. ತಸ್ಲೀಮಾ ಆ ದಾರಿಯಲ್ಲಿ ಒಬ್ಬಳೇ ಬರುತ್ತಿದ್ದಳು.

ಚನ್ನಪಟ್ಟಣದಲ್ಲಿ ನಮ್ಮ ಹಳೇ ಮನೆಗೆ ಅಂಟಿಕೊಂಡಂತೆ ಬೊಂಬೆ ಕಡೆಯುವ ಗಫಾರ್ ಸಾಹೇಬರ ಮನೆ. ತಸ್ಲೀಮಾ ಅವರ ಮೊಮ್ಮಗಳು. ಹೊಲಿಗೆಯಲ್ಲಿ ಕೈ ಚುರುಕು. ಬಂಗಲೆಯಲ್ಲಿ ಸೀರಿಯಲ್ ಶೂಟಿಂಗ್ ಶುರುವಾದಾಗ ಬಟ್ಟೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಕೊನೇ ಬಸ್ಸು ತಪ್ಪಿದ ದಿನ ಹೊಂಗನೂರಿನಲ್ಲೇ ಅವಳ ಖಾಲಾ, ಅಂದರೆ ತಾಯಿಯ ತಂಗಿ, ನಿಖಾತ್ ಮನೆಯಲ್ಲಿ ಮಲಗುತ್ತಿದ್ದಳು.

ಬಟ್ಟೆಯ ಜೊತೆಗೆ ಅವಳಿಗೆ ಇನ್ನೊಂದು ಕೆಲಸ ಇತ್ತು. ಮೈಕು ಹಾಕುವುದು. ಎದೆಯ ಮೇಲೆ ಬಟ್ಟೆಯೊಳಗೆ ಹುರುಳಿಕಾಳಿನಷ್ಟು ಮೈಕು. ಅದರ ವೈರು ಸೊಂಟಕ್ಕಿಳಿದು ಬೆಂಕಿಪೊಟ್ಟಣದಷ್ಟು ಡಬ್ಬಿಗೆ ಸೇರುತ್ತದೆ. ಆ ಡಬ್ಬಿಗೊಂದು ಬಟ್ಟೆಯ ಚೀಲ, ನಡುವಿಗೆ ಕಟ್ಟಿಕೊಳ್ಳಲು. ಗಂಡಸರಿಗೆ ಗಂಡಸರು ಹಾಕುತ್ತಾರೆ, ಹೆಂಗಸರಿಗೆ ಹೆಂಗಸೇ ಹಾಕಬೇಕು. ಅಷ್ಟು ಮರ್ಯಾದೆ ಆ ಸೆಟ್ಟಿನಲ್ಲಿತ್ತು... ಎಲ್ಲರೂ ನೋಡುವ ಹೊತ್ತಿನಲ್ಲಿ.

ಚೀಲಗಳು ಬೆವರಿಗೆ ನಾರುತ್ತವೆ ಅಂತ ತಸ್ಲೀಮಾ ದಿನಾ ರಾತ್ರಿ ಅವನ್ನು ಒಯ್ದು ಒಗೆದು ಒಣಹಾಕುತ್ತಿದ್ದಳು. ಆ ರಾತ್ರಿಯೂ ಬಾವಿಯ ಹತ್ತಿರ ಬರುವಾಗ ಅವಳ ಕೈ ತಾನಾಗಿ ಬ್ಯಾಗಿನೊಳಗೆ ಹೋಯಿತು. ಮೂರು ಹೆಂಗಸರು, ಮೂರು ಚೀಲ. ಒಂದು... ಎರಡು...

ಮೂರನೆಯದು ಇಲ್ಲ. ಸಿರಿಯದು.

ತಸ್ಲೀಮಾ ನಿಂತುಬಿಟ್ಟಳು. ಸಿರಿಯ ಮೈಕು ತಾನು ಯಾಕೆ ಬಿಚ್ಚಲಿಲ್ಲ ಅಂತ ಅವಳಿಗೆ ಗೊತ್ತಿತ್ತು. ಆ ಹುಡುಗಿಯ ಮುಖ ನೋಡುವ ಧೈರ್ಯ ಇರಲಿಲ್ಲ.

ಸಿರಿ ಕೋಡಿಹಳ್ಳಿ ಕಡೆಯವಳು. ಹತ್ತೊಂಬತ್ತು ವರ್ಷ. ಸೀರಿಯಲ್ಲಿನಲ್ಲಿ ನಾಯಕಿಯ ತಂಗಿ. ಅವಳ ತಾಯಿ ವೆಂಕಟಲಕ್ಷ್ಮಮ್ಮ ದಿನಾ ಬುತ್ತಿ ಕಟ್ಟಿಕೊಂಡು ಬಂದು, ಪ್ಯಾಕಪ್ ಆಗುವ ತನಕ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಆ ಸಂಜೆ ಡೈರೆಕ್ಟರ್ ತಾನೇ ಬಂದು, ಹಸು ಕರೆಯೋಕೆ ಹೊತ್ತಾಯ್ತಲ್ಲಮ್ಮ, ನಮ್ಮ ಕಾರಲ್ಲೇ ಹೊರಡಿ, ಮಗಳನ್ನು ಆಮೇಲೆ ಕಳಿಸ್ತೀನಿ ಅಂದ. ಅವನನ್ನು ಸೆಟ್ಟಿನಲ್ಲಿ ಎಲ್ಲರೂ ಗುರುಗಳು ಅನ್ನಬೇಕಿತ್ತು. ಹೊಸ ಹುಡುಗಿಯರು ಬೆಳಿಗ್ಗೆ ಕಾಲಿಗೆ ಬಿದ್ದೇ ಬಣ್ಣ ಹಚ್ಚಿಸಿಕೊಳ್ಳಬೇಕಿತ್ತು. ವೆಂಕಟಲಕ್ಷ್ಮಮ್ಮ ಕೈಮುಗಿದು ಕಾರು ಹತ್ತಿದಳು. ಕಾರು ಹೋದಮೇಲೆ ಅವನು ಸಿರಿಗೆ, ನಾಳೆ ದೊಡ್ಡ ಸೀನು, ಕೆಲಸ ಮುಗಿದಮೇಲೆ ಮಹಡಿಗೆ ಬಾ, ಮಾತು ಓದಿಸ್ತೀನಿ ಅಂತ ಹೇಳಿದ.

ಸಿರಿ ಬಟ್ಟೆ ಕೋಣೆಗೆ ಬಂದು ಬಾಗಿಲು ಒರಗಿಸಿದಳು.

"ಅಕ್ಕಾ... ನೀನೂ ಒಸಿ ಮೇಲಕ್ಕೆ ಬತ್ತೀಯಾ?"

ತಸ್ಲೀಮಾ ಸೀರೆ ಮಡಿಸುತ್ತಾ ಇದ್ದಳು. ತಲೆ ಎತ್ತಲಿಲ್ಲ. "ಖಾಲಾ ಕಾಯ್ತಾ ಇರ್ತಾಳೆ. ಬೇಗ ಮುಗಿಸ್ಕೊಂಡು ಬಂದ್ಬುಡು," ಅಂದಳು. ಅಷ್ಟೇ.

ಗೊತ್ತಿಲ್ಲದೆ ಹೇಳಿದ್ದಲ್ಲ. ಆ ಬಂಗಲೆಯಲ್ಲಿ ಅಡಿಗೆಯವನಿಂದ ಹಿಡಿದು ಲೈಟಿನವರ ತನಕ ಎಲ್ಲರಿಗೂ ಗೊತ್ತಿತ್ತು, ಆ ಮಹಡಿಯ ಓದು ಎಂಥದ್ದು ಅಂತ. ಎರಡು ವರ್ಷದ ಹಿಂದೆ, ಹಿಂದಿನ ಸೀರಿಯಲ್ಲಿನಲ್ಲಿ, ಮರಳವಾಡಿಯ ಪುಟ್ಟಿ ಹೀಗೇ ಓದಲು ಹೋಗಿದ್ದಳು. ಗುರುಗಳು ಅವಳಿಗೆ ಬೇರೆ ಹೆಸರಿಟ್ಟು ಪೋಸ್ಟರಿನಲ್ಲಿ ಹಾಕಿಸಿದ್ದರು. ಓದಲು ಹೋದ ಮಾರನೇ ಬೆಳಿಗ್ಗೆ ಈ ಬಾವಿಯಲ್ಲಿ ಹೆಣವಾಗಿ ಸಿಕ್ಕಳು. ಕಾಲು ಜಾರಿತು ಅಂದರು. ಒಂದೂವರೆ ದಿನ ಶೂಟಿಂಗ್ ನಿಂತಿತು. ಆಮೇಲೆ ಬಾವಿಯ ಬಾಯಿಗೆ ಎಂಟು ಆಳು ಹಿಡಿದು ಚಪ್ಪಡಿ ಎಳೆಸಿದರು. ರಾಟೆ ಕಿತ್ತುಹಾಕಿದರು. ಅದಾದ ಬೇಸಿಗೆಗೆ ಬಾವಿ ಬತ್ತಿಯೂ ಹೋಯಿತು. ಈಗ ಪಕ್ಕದಲ್ಲಿ ಒಂದು ನಲ್ಲಿ ಇದೆ, ಅಷ್ಟೇ.

ತಸ್ಲೀಮಾ ಬಾವಿಯ ಕಡೆ ನೋಡದೆ ಹೆಜ್ಜೆ ಹಾಕಿದಳು. ನಾಲ್ಕು ಹೆಜ್ಜೆ ಹೋಗಿರಬಹುದು.

ಕೀಂ... ವ್. ಕೀಂ... ವ್.

ರಾಟೆ ತಿರುಗುವ ಸದ್ದು. ಎಣ್ಣೆ ಕಾಣದ ಕಬ್ಬಿಣದ ರಾಟೆ. ಹಗ್ಗ ಕಲ್ಲಿಗೆ ಉಜ್ಜುವ ಸದ್ದು... ಸರ್... ಸರ್... ಆಮೇಲೆ ಬಹಳ ಕೆಳಗೆ, ಬಿಂದಿಗೆ ನೀರಿಗೆ ತಾಗಿದ ಹಾಗೆ. ಗುಳುಂ.

ಅವಳು ತಿರುಗಲಿಲ್ಲ. ಕಿವಿಯ ಹಿಂದೆ ತಣ್ಣಗೆ ಉಸಿರು ಬಿದ್ದಿತು.

"ಅಕ್ಕಾ... ಆಫ್ ಮಾಡ್ಬ್ಯಾಡ."

"ಏನನ್ನ?" ತುಟಿ ಮಾತ್ರ ಆಡಿತು.

"ನಾಕ್ನೇ ನಂಬರು. ಆ ಅಣ್ಣ ಆಫ್ ಮಾಡ್ತಾನೆ. ಬುಡಬ್ಯಾಡ."

ಮುಂದೆ ಆಲದ ಮರ, ಅದರಾಚೆ ಊರಿನ ದೀಪ. ಓಡಿದರೆ ಎರಡು ನಿಮಿಷ. ತಸ್ಲೀಮಾ ಓಡಿದಳು... ಆದರೆ ಊರಿನ ಕಡೆಗಲ್ಲ. ಬಂಗಲೆಯ ಕಡೆಗೆ. ಯಾಕೆ ಅಂತ ಇವತ್ತಿಗೂ ಅವಳಿಗೆ ಹೇಳಲು ಬರುವುದಿಲ್ಲ.

ನಾಲ್ಕನೇ ನಂಬರು ಅಂದರೆ ಏನು ಅಂತ ಅವಳಿಗೆ ತಿಳಿದಿತ್ತು. ಆ ಬೆಳಿಗ್ಗೆ ಸಿರಿಗೆ ಹಾಕುವ ಮೈಕಿನ ಕ್ಲಿಪ್ಪು ಮುರಿದಿತ್ತು. ಪೆಟ್ಟಿಗೆಯ ತಳದಲ್ಲಿ ಕಪ್ಪು ಟೇಪು ಸುತ್ತಿದ್ದ ಇನ್ನೊಂದು ಡಬ್ಬಿ ಸಿಕ್ಕಿತು, ಮೇಲೆ ನಾಲ್ಕು ಅಂತ ಬರೆದಿತ್ತು. ಟೇಪು ಬಿಚ್ಚಿ, ಹೊಸ ಬ್ಯಾಟರಿ ಹಾಕಿ, ಸಿರಿಗೆ ಕಟ್ಟಿದ್ದಳು. ಸೌಂಡ್ ನೋಡಿಕೊಳ್ಳುವ ಮನೋಹರ್ ಬಂದು ತನ್ನ ಮಿಶಿನ್ನಿನಲ್ಲಿ ನಾಲ್ಕನೇ ದೀಪ ಹತ್ತಿದ್ದು ನೋಡಿ ಬಿಳಿಚಿಕೊಂಡಿದ್ದ.

ಅಂಗಳದಲ್ಲಿ ಲೈಟಿನವರು ಕೇಬಲ್ ಸುತ್ತುತ್ತಿದ್ದರು. ಡ್ರೈವರುಗಳು ಊಟಕ್ಕೆ ಕೂತಿದ್ದರು. ಮನೋಹರ್ ಬೇವಿನ ಮರದ ಕೆಳಗೆ ತನ್ನ ತಳ್ಳುಗಾಡಿಯ ಮುಂದೆ, ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತಿದ್ದ. ಐವತ್ತು ದಾಟಿದ ಗಂಡಸು. ಹಣೆಯಿಂದ ಬೆವರು ಇಳಿಯುತ್ತಿತ್ತು. ಬೆರಳು ಸ್ವಿಚ್ಚಿನ ಮೇಲಿತ್ತು.

ತಸ್ಲೀಮಾ ಹೋಗಿ ಆ ಬೆರಳಿನ ಮೇಲೆ ತನ್ನ ಕೈ ಇಟ್ಟಳು.

"ಬ್ಯಾಡ, ಮನೋಹರಣ್ಣ."

"ಆ ಮಗು ಮೈಕು ಬಿಚ್ಚದೇ ಹೋಗೈತೆ," ಅಂದ ಅವನು, ಪಿಸುದನಿಯಲ್ಲಿ. "ಪುಟ್ಟೀನೂ ಹಿಂಗೇ ಹೋಗಿದ್ಲು. ಇದೇ ನಂಬರು. ಕೇಳಿಸ್ತು ಕಣಮ್ಮಾ. ಎಲ್ಲಾ ಕೇಳಿಸ್ತು..."

"ಆಮೇಲೆ?"

"ಆಫ್ ಮಾಡ್ಬುಟ್ಟೆ."

ರೆಕಾರ್ಡ್ ಆಗಿದ್ದಷ್ಟನ್ನೂ ಬೆಳಿಗ್ಗೆ ಗುರುಗಳು ನಗುನಗುತ್ತಾ ಕೇಳಿ ಇಸಿದುಕೊಂಡರಂತೆ. ಇವನು ಅದಿದ್ದ ಮೆಮೊರಿ ಕಾರ್ಡು ಕೊಟ್ಟ. ಮುಂದಿನ ಸೀರಿಯಲ್ಲಿಗೂ ಇವನನ್ನೇ ಕರೆದರು. ಇಷ್ಟನ್ನು ಹೇಳುವಾಗ ಅವನು ತಸ್ಲೀಮಾಳ ಮುಖ ನೋಡಲಿಲ್ಲ, ಮಡಿಸಿದ ಸೀರೆ ನೋಡಿದ ಹಾಗೆ ತನ್ನ ಮಿಶಿನ್ನನ್ನೇ ನೋಡುತ್ತಿದ್ದ. ತಾನು ಸಂಜೆ ಹೇಗೆ ಕಂಡಿರಬೇಕು ಅಂತ ತಸ್ಲೀಮಾಳಿಗೆ ಆಗ ತಿಳಿಯಿತು.

ಮಧ್ಯಾಹ್ನ ಹಾಡಿನ ಶೂಟಿಂಗ್ ಆಗಿತ್ತು. ದೊಡ್ಡ ಸ್ಪೀಕರು ಇನ್ನೂ ಅಂಗಳದಲ್ಲೇ ಇತ್ತು. ಮನೋಹರ್ ದಿನಾ ಜೋಡಿಸುವುದನ್ನು ಅವಳು ನೋಡಿದ್ದಳು. ಹೆಡ್‌ಫೋನಿನ ಪಿನ್ನು ಕಿತ್ತಳು. ಸ್ಪೀಕರಿನ ಪಿನ್ನು ಚುಚ್ಚಿದಳು. ಅವನು ತಡೆಯಲಿಲ್ಲ. ಸ್ವಿಚ್ಚಿನಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

ಸ್ಪೀಕರು ಒಂದು ಸಲ ಗುಂಯ್ ಅಂದಿತು. ಆಮೇಲೆ... ಟಕ್. ಚಿಲಕ ಹಾಕಿದ ಸದ್ದು.

ಲೈಟಿನವರು ಕೇಬಲ್ ಬಿಟ್ಟು ನಿಂತರು.

"ಇಷ್ಟಕ್ಕೆಲ್ಲ ಅಳ್ತಾರೇನಮ್ಮಾ?" ಗುರುಗಳ ದನಿ. ಅಂಗಳದ ಗೋಡೆಗೋಡೆಗೆ ಬಡಿಯಿತು. "ಈ ಲೈನಲ್ಲಿ ನಾಚಿಕೆ ಬಿಡದೇ ಯಾರು ಮೇಲೆ ಬಂದವ್ರೆ ಹೇಳು. ನಾನು ಬೇಡ ಅಂದ್ರೆ ನಾಳೆ ನಿನ್ನ ಪಾತ್ರ ಇಲ್ಲ."

"ಅವ್ವನ ಹತ್ರ ಹೋಯ್ತೀನಿ, ಬುಡಿ." ಸಿರಿ. ಹಲ್ಲು ಕಟಕಟ ಅನ್ನುವುದೂ ಕೇಳುತ್ತಿತ್ತು.

"ನಿನಗೊಂದು ಹೆಸರು ಕೊಡ್ತೀನಿ. ಊರೂರೇ ಆ ಹೆಸರು ಹೇಳ್ಬೇಕು, ಹಂಗೆ ಮಾಡ್ತೀನಿ."

ತೊಟ್... ತೊಟ್... ನೀರು ತೊಟ್ಟಿಕ್ಕುವ ಸದ್ದು. ಬಟ್ಟೆಯಿಂದ ನೆಲಕ್ಕೆ. ಹತ್ತಿರ... ಇನ್ನೂ ಹತ್ತಿರ.

"ನಂಗೂ ಇದೇ ಹೇಳಿದ್ರಿ, ಗುರುಗಳೇ."

ಅದು ಸಿರಿಯ ದನಿಯಲ್ಲ.

ಡ್ರೈವರ್ ಒಬ್ಬನ ಕೈಯಲ್ಲಿದ್ದ ತುತ್ತು ಹಾಗೇ ಇತ್ತು. ಸ್ಪೀಕರಿನಲ್ಲಿ ಗುರುಗಳ ದನಿ ಬಂದಿತು, ಮಗುವಿನ ದನಿಯಷ್ಟು ಸಣ್ಣದಾಗಿ.

"ಯಾರು...?"

ಮೊದಲು ಮೆಟ್ಟಿಲು ಹತ್ತಿದವನು ಅಡಿಗೆಯ ಮುನಿರಾಮಯ್ಯ. ಅರವತ್ತೈದು ವರ್ಷ, ಹುಳಿ ತಿರುವುತ್ತಿದ್ದ ಸೌಟು ಕೈಯಲ್ಲೇ ಇತ್ತು. ಅವನ ಹಿಂದೆ ತಸ್ಲೀಮಾ. ಅವಳ ಹಿಂದೆ ಉಳಿದವರು. ಮುನಿರಾಮಯ್ಯ ಬಾಗಿಲು ಒದೆಯಲಿಲ್ಲ. ಸೌಟಿನಿಂದ ಎರಡು ಸಲ ತಟ್ಟಿದ.

"ಬಾಗ್ಲು ತೆಗೀರಿ, ಗುರುಗಳೇ. ಮೈಕು ಆನ್ ಐತೆ."

ಚಿಲಕ ತೆಗೆದವಳು ಸಿರಿ. ರವಿಕೆಯ ತೋಳು ಹರಿದಿತ್ತು. ಮಾತು ಬರೆದ ಹಾಳೆಗಳನ್ನು ಎದೆಗೆ ಒತ್ತಿಕೊಂಡಿದ್ದಳು. ಗುರುಗಳು ಆಚೆ ಮೂಲೆಯಲ್ಲಿ, ಕಾಲು ಮಡಚಿ, ಗೋಡೆಗೆ ಅಂಟಿಕೊಂಡು ಕೂತಿದ್ದರು. ಬಂದವರು ಯಾರನ್ನೂ ನೋಡಲಿಲ್ಲ. ಸಿರಿ ನಿಂತಿದ್ದ ಜಾಗದ ಪಕ್ಕ, ಖಾಲಿ ನೆಲ ನೋಡುತ್ತಾ ಹೇಳಿದ್ದೇ ಹೇಳುತ್ತಿದ್ದರು: "ಆ ಇನ್ನೊಬ್ಬಳನ್ನ ಆಚೆ ಕಳಿಸ್ರೋ... ಅವಳನ್ನ ಆಚೆ ಕಳಿಸ್ರೋ..."

ಈ ಸಲ ಮನೋಹರ್ ಕಾರ್ಡನ್ನು ತಾನೇ ಪೊಲೀಸರಿಗೆ ಒಯ್ದು ಕೊಟ್ಟ. ಅದರಲ್ಲಿ ಗುರುಗಳ ದನಿ ಇದೆ, ಸಿರಿಯ ದನಿ ಇದೆ. ಮೂರನೇ ದನಿ ಯಾರದು ಅಂತ ಕೇಳಿದಾಗ, ಅವಳ ಹೆಸರು ಪುಟ್ಟಿ ಅಂತ ಹೇಳಿ, ಎರಡು ವರ್ಷದ ಹಿಂದಿನದನ್ನೂ ಬಾಯಿಬಿಟ್ಟ. ಕೇಸು ನಡೆಯುತ್ತಿದೆ. ಅವನಿಗೆ ಆಮೇಲೆ ಯಾರೂ ಕೆಲಸ ಕೊಟ್ಟಿಲ್ಲ. ಗುರುಗಳು ಜಾಮೀನಿನ ಮೇಲೆ ಬಂದು ಬೇರೆ ಊರಿನಲ್ಲಿ ಬೇರೆ ಸೀರಿಯಲ್ ತೆಗೆಯುತ್ತಿದ್ದಾರೆ. ಆ ಸೆಟ್ಟಿನಲ್ಲಿ ಯಾರ ಎದೆಗೂ ಮೈಕು ಕಟ್ಟುವುದಿಲ್ಲವಂತೆ. ಬಂಗಲೆಯ ಸೀರಿಯಲ್ಲಿನಲ್ಲಿ ಸಿರಿಯ ಪಾತ್ರ ಓದಲು ದೆಹಲಿಗೆ ಹೋಯಿತು ಅಂತ ಒಂದೇ ಮಾತಿನಲ್ಲಿ ಮುಗಿಸಿದರು. ಸಿರಿ ಕೋಡಿಹಳ್ಳಿಯಲ್ಲಿ ಅವ್ವನ ಜೊತೆ ಹಸು ನೋಡಿಕೊಂಡಿದ್ದಾಳೆ. ಫೋನು ಬಂದರೆ ಎತ್ತುವುದಿಲ್ಲ.

ಆದರೆ ಆ ರಾತ್ರಿಯ ಇನ್ನೊಂದು ಸಂಗತಿ ಇದೆ.

ಸಿರಿಗೆ ತನ್ನ ದುಪಟ್ಟಾ ಹೊದಿಸಿ ಕೆಳಗೆ ಕರಕೊಂಡು ಬಂದಮೇಲೆ, ತಸ್ಲೀಮಾ ಮೈಕು ಬಿಚ್ಚಲು ಅವಳ ನಡುವಿಗೆ ಕೈ ಹಾಕಿದಳು. ಚೀಲ ಇರಲಿಲ್ಲ. ಎದೆಯ ಮೇಲೆ ವೈರು ಇರಲಿಲ್ಲ.

"ಮೈಕೆಲ್ಲೇ?"

"ಪ್ಯಾಕಪ್ ಆದ ತಕ್ಷಣ ಬಿಚ್ಚಿದ್ನಲ್ಲಕ್ಕಾ. ಮೊಕ ತೊಳೆಯಕ್ಕೆ ನಲ್ಲಿ ತಾವ ಹೋಗಿದ್ದೆ. ಬಾವಿ ಕಲ್ಲಿನ ಮೇಲೆ ಮಡಗಿದ್ದೆ. ಮರ್ತು ಮೇಲಕ್ಕೋದೆ."

ಮನೋಹರ್ ಟಾರ್ಚು ಹಿಡಿದ. ಮೂವರೂ ಬಾವಿಯ ತನಕ ಹೋದರು. ಚಪ್ಪಡಿ ಹಾಕಿದ್ದು ಹಾಕಿದ ಹಾಗೇ ಇತ್ತು. ಅದರ ಮೇಲೆ ಚೀಲ. ವೈರನ್ನು ಯಾರೋ ಒಪ್ಪವಾಗಿ ಸುತ್ತಿಟ್ಟಿದ್ದರು. ಸಿರಿ ತಾನು ಸುತ್ತಿರಲಿಲ್ಲ ಅಂದಳು.

ತಸ್ಲೀಮಾ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಬ್ಯಾಟರಿ ಇರಲಿಲ್ಲ. ಬೋರಲು ಹಾಕಿದಾಗ ಅಂಗೈ ತುಂಬ ನೀರು ಬಂದಿತು. ಹಳೇ ಬಾವಿಯ ನೀರು, ಪಾಚಿಯ ವಾಸನೆ.

ಸುಳ್ಳು ಹೇಳಿ ತಸ್ಲೀಮಾಳಿಗೆ ಆಗಬೇಕಾದ್ದು ಏನೂ ಇಲ್ಲ. ಮನೋಹರನನ್ನು ಕೇಳಿ, ಸಿರಿಯನ್ನು ಕೇಳಿ, ಮೂವರೂ ಇಷ್ಟನ್ನೇ ಹೇಳುತ್ತಾರೆ. ಡಬ್ಬಿಯೊಳಗೆ ನೀರು ಇತ್ತು. ಅದನ್ನು ಇಟ್ಟಿದ್ದ ಬಟ್ಟೆಯ ಚೀಲ ಒಣಗಿತ್ತು.